ಹಳೆಯ 775 ಸಾಕೆಟ್ ಬೋರ್ಡ್‌ನಲ್ಲಿ ಪ್ರೊಸೆಸರ್ ಬದಲಾವಣೆ ಮತ್ತು ಓವರ್‌ಕ್ಲಾಕಿಂಗ್: ದೋಷ ಪತ್ತೆಯ ಕ್ರಮ

ಇಂಟೆಲ್ ಕಂಪನಿಯು 2004ರಲ್ಲಿ ಹೊರತಂದ ಎಲ್‌ಜಿಎ 775 ಸಾಕೆಟ್ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ), ಪೆಂಟಿಯಮ್ 4ರಿಂದ ಹಿಡಿದು ಕೋರ್ 2 ಕ್ವಾಡ್‌ವರೆಗೆ ಹಲವು ತಲೆಮಾರಿನ ಪ್ರೊಸೆಸರ್‌ಗಳಿಗೆ ನೆಲೆಯಾಯಿತು. ಆ ಕಾಲದ ಬೋರ್ಡ್‌ಗಳು ಎಷ್ಟೋ ಮನೆಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಇನ್ನೂ ಉಳಿದಿವೆ. ಅವುಗಳಿಗೆ ಹೊಂದುವ ಬಳಸಿದ ಪ್ರೊಸೆಸರ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಗ್ಗವಾಗಿ ದೊರೆಯುತ್ತವೆ. ಹೀಗಾಗಿ ಎರಡು ಕೋರ್‌ನ ಪ್ರೊಸೆಸರ್ ತೆಗೆದು ನಾಲ್ಕು ಕೋರ್‌ನದನ್ನು ಹಾಕುವ, ಹಾಕಿದ ಮೇಲೆ ಅದರ ವೇಗವನ್ನೂ ನಿಗದಿಗಿಂತ ಹೆಚ್ಚಿಸುವ (ಓವರ್‌ಕ್ಲಾಕಿಂಗ್) ಆಸೆ ಸಹಜವಾಗಿಯೇ ಹುಟ್ಟುತ್ತದೆ. ಈ ಬರಹವು ಆ ಕೆಲಸ ಕೆಟ್ಟಾಗ ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವ ಬಗೆಯನ್ನು ಕುರಿತದ್ದು.

ಉದಾಹರಣೆಗೆ ನನ್ನದೇ ಯಂತ್ರವನ್ನು ತೆಗೆದುಕೊಳ್ಳುತ್ತೇನೆ. ಜಿ31 ಚಿಪ್‌ಸೆಟ್‌ನ (ಪ್ರೊಸೆಸರನ್ನು ಉಳಿದ ಭಾಗಗಳೊಂದಿಗೆ ಜೋಡಿಸುವ ಚಿಪ್‌ಗಳು) ಬೋರ್ಡ್, 800ರ ಡಿಡಿಆರ್2 ರ‍್ಯಾಮ್ 2 ಜಿಬಿಯ ಎರಡು ಪಟ್ಟಿ, 1.8 ಗಿಗಾಹರ್ಟ್ಸ್‌ನ ಪೆಂಟಿಯಮ್ ಡ್ಯುಯಲ್ ಕೋರ್ ಇ2160. ಇದನ್ನು ತೆಗೆದು 2.4 ಗಿಗಾಹರ್ಟ್ಸ್‌ನ ಕೋರ್ 2 ಕ್ವಾಡ್ ಕ್ಯೂ6600 ಹಾಕಿ, ಅದೇ ಸಂಜೆ 3 ಗಿಗಾಹರ್ಟ್ಸ್‌ಗೆ ಏರಿಸಿದೆ. ವಿಂಡೋಸ್ ತೆರೆದುಕೊಂಡಿತು. ಹದಿನೆಂಟು ನಿಮಿಷದ ಭಾರದ ಪರೀಕ್ಷೆಯ ನಂತರ ಯಂತ್ರ ಸದ್ದಿಲ್ಲದೆ ಆರಿಹೋಯಿತು, ಮತ್ತು ಆ ಬಳಿಕ ಎರಡು ದಿನ ಸಂಶಯವೆಲ್ಲ ಬಳಸಿದ ಪ್ರೊಸೆಸರ್ ಮೇಲೆಯೇ ಇತ್ತು. ಸಂಶಯ ತಪ್ಪಾಗಿತ್ತು. ಇಂಥ ಹಳೆಯ ಯಂತ್ರಗಳಲ್ಲಿ ಪ್ರೊಸೆಸರ್ ಕೆಟ್ಟಿರುವುದು ಅಪರೂಪ. ಅದಕ್ಕೆ ವಿದ್ಯುತ್ ಉಣಿಸುವ, ಅದರ ಶಾಖ ಇಳಿಸುವ, ಅದನ್ನು ಗುರುತಿಸುವ ಭಾಗಗಳಲ್ಲೇ ಸಾಮಾನ್ಯವಾಗಿ ದೋಷ ಅಡಗಿರುತ್ತದೆ. ಬದಲಾವಣೆ ಮತ್ತು ಓವರ್‌ಕ್ಲಾಕಿಂಗ್ ಎರಡನ್ನೂ ಒಂದೇ ಸಂಜೆ ಮಾಡಿದ್ದರಿಂದ ಯಾವುದರ ಫಲ ಯಾವುದು ಎಂದು ಹೇಳುವ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೆ. ಆದ್ದರಿಂದ ಮೊದಲ ನಿಯಮ: ಹೊಸ ಪ್ರೊಸೆಸರ್ ತನ್ನ ಮೂಲ ವೇಗದಲ್ಲಿ ಕನಿಷ್ಠ ಎರಡು ಮೂರು ದಿನ ತೊಂದರೆಯಿಲ್ಲದೆ ನಡೆದ ಮೇಲೆಯೇ ವೇಗದ ವಿಚಾರಕ್ಕೆ ಕೈ ಹಾಕಬೇಕು.

ಕೊಳ್ಳುವ ಮುನ್ನ ನೋಡಬೇಕಾದದ್ದು

ಸಾಕೆಟ್ ಒಂದೇ ಆಗಿದ್ದ ಮಾತ್ರಕ್ಕೆ ಪ್ರೊಸೆಸರ್ ನಡೆಯುತ್ತದೆ ಎಂದು ನಂಬುವುದೇ ಈ ವಿಷಯದಲ್ಲಿ ಅತಿ ಹೆಚ್ಚು ಹಣ ಕಳೆಸುವ ತಪ್ಪು. 775 ಪಿನ್‌ಗಳೂ ಸರಿಯಾಗಿ ಕೂತು, ಲಿವರ್ ಮುಚ್ಚಿ, ಫ್ಯಾನ್ ತಿರುಗಿಯೂ ಡಿಸ್‌ಪ್ಲೇ ಬರದಿರಬಹುದು. ಪ್ರೊಸೆಸರ್ ಕೇಳುವ ಫ್ರಂಟ್ ಸೈಡ್ ಬಸ್ (ಪ್ರೊಸೆಸರ್ ಮತ್ತು ಚಿಪ್‌ಸೆಟ್ ನಡುವಿನ ದತ್ತಾಂಶದ ದಾರಿ) ವೇಗವನ್ನು ಚಿಪ್‌ಸೆಟ್ ಕೊಡಬಲ್ಲದೇ, ಅದು ಕೇಳುವ ವೋಲ್ಟೇಜನ್ನು ಬೋರ್ಡ್‌ನ ವಿದ್ಯುತ್ ವಿಭಾಗ ಪೂರೈಸಬಲ್ಲದೇ, ಅದರ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳು) ಬಯೋಸ್‌ನಲ್ಲಿ (ಬೋರ್ಡ್‌ನ ಆರಂಭಿಕ ತಂತ್ರಾಂಶ) ಇದೆಯೇ ಎಂಬ ಮೂರಕ್ಕೂ ಹೌದೆಂಬ ಉತ್ತರ ಬೇಕು. 945 ಚಿಪ್‌ಸೆಟ್‌ನ ಬೋರ್ಡ್‌ಗೆ ಇ8400 ತಂದು ಹಾಕಿ ನಿರಾಶರಾದವರನ್ನು ನಾನು ಕಂಡಿದ್ದೇನೆ. ಇ8400ಗೆ 1333ರ ಬಸ್ ಬೇಕು, 945ಜಿ ಅಧಿಕೃತವಾಗಿ 1066ರವರೆಗೆ ಮಾತ್ರ ಕೊಡುತ್ತದೆ. ಅದರ ಮೇಲೆ ಇ8400 ಎಂಬುದು 2008ರ ಆರಂಭದಲ್ಲಿ ಬಂದ 45 ನ್ಯಾನೋಮೀಟರ್ ಪ್ರೊಸೆಸರ್, 945ರ ಬಹುತೇಕ ಬೋರ್ಡ್‌ಗಳ ಬಯೋಸ್‌ಗೆ ಅದರ ಪರಿಚಯವೇ ಇಲ್ಲ. ಜಿ31, ಪಿ35, ಪಿ45 ಚಿಪ್‌ಸೆಟ್‌ಗಳಲ್ಲಿ ಈ ಅಡ್ಡಿ ಇಲ್ಲವಾದರೂ ಬಯೋಸ್ ಆವೃತ್ತಿಯ ಪ್ರಶ್ನೆ ಅಲ್ಲಿಯೂ ಉಳಿಯುತ್ತದೆ.

ಬೋರ್ಡ್‌ನ ಮಾದರಿ ಹೆಸರಿನ ಜೊತೆಗೆ ಅದರ ರಿವಿಜನ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಕು. ಅದು ಸಾಮಾನ್ಯವಾಗಿ ಬೋರ್ಡ್‌ನ ಒಂದು ಮೂಲೆಯಲ್ಲೋ ಪಿಸಿಐ ಸ್ಲಾಟ್‌ಗಳ ನಡುವೆಯೋ ಅಚ್ಚಾಗಿರುತ್ತದೆ. ಒಂದೇ ಮಾದರಿಯ ಎರಡು ರಿವಿಜನ್‌ಗಳಲ್ಲಿ ಒಂದು ಕ್ವಾಡ್ ಪ್ರೊಸೆಸರನ್ನು ಒಪ್ಪಿ ಇನ್ನೊಂದು ಒಪ್ಪದಿರುವುದು ಉಂಟು. ತಯಾರಕರ ಪ್ರೊಸೆಸರ್ ಪಟ್ಟಿಯಲ್ಲಿ ಆ ರಿವಿಜನ್ ಎದುರು ಯಾವ ಬಯೋಸ್ ಆವೃತ್ತಿಯಿಂದ ಬೆಂಬಲವಿದೆ ಎಂಬುದನ್ನು ನೋಡಿ, ಅಗತ್ಯವಿದ್ದರೆ ಹಳೆಯ ಪ್ರೊಸೆಸರ್ ಇನ್ನೂ ಸಾಕೆಟ್‌ನಲ್ಲಿರುವಾಗಲೇ, ಯುಪಿಎಸ್ ಮೇಲೆ ಯಂತ್ರವನ್ನಿಟ್ಟು ಬಯೋಸ್ ನವೀಕರಿಸಬೇಕು. ಪ್ರೊಸೆಸರ್ ಬದಲಿಸಿದ ಮೇಲೆ ನವೀಕರಿಸುತ್ತೇನೆಂದರೆ ಡಿಸ್‌ಪ್ಲೇಯೇ ಬಾರದೆ ಕೈ ಕಟ್ಟಿ ಕೂರಬೇಕಾಗುತ್ತದೆ.

ಪ್ರೊಸೆಸರ್ ಮೇಲಿನ ಲೋಹದ ಮುಚ್ಚಳದಲ್ಲಿ ಕೆತ್ತಿರುವ ಐದು ಅಕ್ಷರಗಳ ಗುರುತನ್ನೂ ಗಮನಿಸಬೇಕು. ಕ್ಯೂ6600ರಲ್ಲಿ ಎರಡು ಬಗೆಯಿವೆ. ‘ಎಸ್ಎಲ್9ಯುಎಂ’ ಎಂದಿದ್ದರೆ ಅದು ಮೊದಲು ಬಂದ ಬಿ3 ಸ್ಟೆಪಿಂಗ್ (ಅದೇ ಪ್ರೊಸೆಸರ್‌ನ ತಯಾರಿಕಾ ಆವೃತ್ತಿ), 105 ವ್ಯಾಟ್‌ನದು. ‘ಎಸ್ಎಲ್ಎಸಿಆರ್’ ಎಂದಿದ್ದರೆ ನಂತರದ ಜಿ0, 95 ವ್ಯಾಟ್‌ನದು. ಮುಚ್ಚಳದ ಮೇಲಿನ ಗರಿಷ್ಠ ಉಷ್ಣತೆ ಬಿ3ಗೆ 62.2 ಡಿಗ್ರಿ, ಜಿ0ಗೆ 71 ಡಿಗ್ರಿ ಸೆಲ್ಸಿಯಸ್ ಎಂದು ಇಂಟೆಲ್ ನಿಗದಿಪಡಿಸಿದೆ. ಬೇಸಿಗೆಯಲ್ಲಿ ಕೋಣೆಯೇ 38 ಡಿಗ್ರಿ ಮುಟ್ಟುವ ರಾಯಚೂರು, ಕಲಬುರಗಿಯ ಕಡೆಯವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಡಿಸ್‌ಪ್ಲೇ ಬಾರದಿದ್ದಾಗ

ಹೊಸ ಪ್ರೊಸೆಸರ್ ಹಾಕಿದ ಮೇಲೆ ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಉಳಿದರೆ ಮೊದಲು ನೋಡಬೇಕಾದದ್ದು ಪ್ರೊಸೆಸರ್ ಪಕ್ಕದ ನಾಲ್ಕು ಪಿನ್‌ನ ಚೌಕ ಕನೆಕ್ಟರನ್ನು. ಎರಡು ಹಳದಿ, ಎರಡು ಕಪ್ಪು ತಂತಿಗಳ ಈ ಕನೆಕ್ಟರ್ ಮೂಲಕವೇ ಪ್ರೊಸೆಸರ್‌ಗೆ ವಿದ್ಯುತ್ ಬರುತ್ತದೆ. ಹೀಟ್‌ಸಿಂಕ್ (ಶಾಖ ಹೀರುವ ಲೋಹದ ತುಂಡು) ಕೂರಿಸುವ ಅನುಕೂಲಕ್ಕೆಂದು ಅದನ್ನು ಕಿತ್ತು ಮತ್ತೆ ಚುಚ್ಚಲು ಮರೆಯುವುದು ಅನುಭವಿಗಳಿಗೂ ತಪ್ಪಿದ್ದಲ್ಲ.

ಅದು ಸರಿಯಿದ್ದರೆ ಸಿಮಾಸ್ (ಬಯೋಸ್‌ನ ಆಯ್ಕೆಗಳನ್ನು ನೆನಪಿಡುವ ಭಾಗ) ಅಳಿಸಬೇಕು. ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಉಳಿದ ಚಾರ್ಜ್ ಇಳಿಸಿ, ಸಿಆರ್2032 ಸೆಲ್ಲನ್ನು ಹೊರತೆಗೆದು ಹತ್ತು ನಿಮಿಷ ಬಿಡಬೇಕು. ಜಂಪರ್ ಇದ್ದರೆ ಅದನ್ನು ಬಳಸಬಹುದು. ಸೆಲ್ ಹೊರಗಿರುವಾಗ ಅದರ ವೋಲ್ಟೇಜನ್ನೂ ಅಳೆದುಬಿಡುವುದು ಒಳ್ಳೆಯದು. 3 ವೋಲ್ಟ್ ಇರಬೇಕಾದಲ್ಲಿ 2.7ಕ್ಕಿಂತ ಕಡಿಮೆಯಿದ್ದರೆ ಹೊಸದು ಹಾಕಬೇಕು. ‘ಓವರ್‌ಕ್ಲಾಕ್ ನಿಲ್ಲುತ್ತಿಲ್ಲ, ಪ್ರತಿ ಬೆಳಿಗ್ಗೆ ಹಳೆಯ ವೇಗಕ್ಕೇ ಮರಳುತ್ತದೆ’ ಎಂದು ದೂರುವ ಕೆಲವರ ಯಂತ್ರದಲ್ಲಿ ಇಷ್ಟೇ ದೋಷ: ಸತ್ತ ಸೆಲ್.

ನಂತರ ಒಂದೇ ರ‍್ಯಾಮ್ ಪಟ್ಟಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಕಳಚಬೇಕು: ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಹೆಚ್ಚುವರಿ ಕಾರ್ಡ್‌ಗಳು, ಯುಎಸ್‌ಬಿ ಸಾಧನಗಳು. ರ‍್ಯಾಮ್‌ನ ಚಿನ್ನದ ಪಟ್ಟಿಯನ್ನು ಪೆನ್ಸಿಲ್ ರಬ್ಬರ್‌ನಿಂದ ಮೃದುವಾಗಿ ಉಜ್ಜಿ, ಪುಡಿಯನ್ನು ಒರೆಸಿ, ಇನ್ನೊಂದು ಸ್ಲಾಟ್‌ನಲ್ಲಿ ಹಾಕಿ ನೋಡಬೇಕು. ಸ್ಪೀಕರ್ ಇದ್ದರೆ ಬೀಪ್ ಕೇಳುತ್ತದೆ. ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡಿದಾಗ ಬೀಪ್ ಬಂದರೆ ಪ್ರೊಸೆಸರ್ ಜೀವಂತವಾಗಿದ್ದು ಬಯೋಸ್ ಓದುತ್ತಿದೆ ಎಂದರ್ಥ. ರ‍್ಯಾಮ್ ಇಲ್ಲದಾಗಲೂ ಮೌನವಾಗಿದ್ದರೆ ತೊಂದರೆ ಅದಕ್ಕೂ ಮೊದಲಿನ ಹಂತದಲ್ಲಿದೆ, ಅಂದರೆ ಸಾಕೆಟ್, ವಿದ್ಯುತ್ ಇಲ್ಲವೇ ಬಯೋಸ್ ಬೆಂಬಲದಲ್ಲಿ. ಒಂದು ರೂಪಾಯಿ ಖರ್ಚಿಲ್ಲದ ಈ ಪರೀಕ್ಷೆ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ಸಾಕೆಟ್‌ನ ವಿಷಯಕ್ಕೆ ಬಂದರೆ, ಈ ಮಾದರಿಯಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲಿ ಅಲ್ಲ, ಬೋರ್ಡ್‌ನಲ್ಲಿವೆ. ಟಾರ್ಚಿನ ಬೆಳಕನ್ನು ಒಂದು ಬದಿಯಿಂದ ಓರೆಯಾಗಿ ಬಿಟ್ಟು ನೋಡಿದರೆ ಸಾಲುಗಳು ಒಂದೇ ಸಮನೆ ಹೊಳೆಯಬೇಕು. ನಡುವೆ ಎಲ್ಲಾದರೂ ಹೊಳಪು ಮುರಿದಿದ್ದರೆ ಅಲ್ಲಿ ಪಿನ್ ಬಾಗಿದೆ. ಭೂತಗನ್ನಡಿಯ ಕೆಳಗೆ ಸೂಜಿಯಿಂದ ನಿಧಾನವಾಗಿ ಎತ್ತಬಹುದು, ಆದರೆ ಒಂದೇ ಪಿನ್ನನ್ನು ಎರಡು ಮೂರು ಸಲ ಬಾಗಿಸಿದರೆ ಅದು ಮುರಿಯುತ್ತದೆ. ಪಿನ್‌ಗಳ ಮೇಲೆ ಹಳೆಯ ಥರ್ಮಲ್ ಪೇಸ್ಟ್ ಬಿದ್ದಿದ್ದರೆ ಬಟ್ಟೆಯಿಂದ ಒರೆಸಬಾರದು. ಐಸೋಪ್ರೊಪೈಲ್ ಆಲ್ಕೋಹಾಲ್ ಹನಿಸಿ ಮೆತ್ತನೆಯ ಬ್ರಷ್‌ನಿಂದ ಪಿನ್‌ಗಳು ಸಹಜವಾಗಿ ಓರೆಯಾಗಿರುವ ದಿಕ್ಕಿನಲ್ಲೇ ಎಳೆಯಬೇಕು.

ಇಷ್ಟೆಲ್ಲ ಆದರೂ ಕಪ್ಪು ಪರದೆಯೇ ಇದ್ದರೆ ಹಳೆಯ ಪ್ರೊಸೆಸರನ್ನು ಮತ್ತೆ ಹಾಕಬೇಕು. ಅದು ನಡೆದರೆ ಬೋರ್ಡ್ ಸರಿಯಿದೆ, ಹೊಸ ಪ್ರೊಸೆಸರ್‌ಗೂ ಬೋರ್ಡ್‌ಗೂ ಹೊಂದಿಕೆಯಿಲ್ಲ. ಅದೂ ನಡೆಯದಿದ್ದರೆ ಬದಲಿಸುವ ಕೆಲಸದಲ್ಲೇ ಏನೋ ಕೆಟ್ಟಿದೆ, ಮತ್ತೆ ಸಾಕೆಟ್ಟಿಗೇ ಟಾರ್ಚ್ ಹಿಡಿಯಬೇಕು. ಇದೇ ಕಾರಣಕ್ಕೆ, ಕೆಲಸ ಪೂರ್ತಿಯಾಗುವವರೆಗೆ ಹಳೆಯ ಪ್ರೊಸೆಸರನ್ನು ಯಾರಿಗೂ ಮಾರಬಾರದು.

ನಡೆಯುತ್ತದೆ, ಆದರೆ ನಿಧಾನ

ಕ್ಯೂ6600 ಹಾಕಿದ ಮರುದಿನ ಸಿಪಿಯು-ಝಡ್ (ಪ್ರೊಸೆಸರ್‌ನ ವಿವರ ತೋರಿಸುವ ತಂತ್ರಾಂಶ) ತೆರೆದು ನೋಡಿದವರಿಗೆ 2400ರ ಬದಲು 1600 ಮೆಗಾಹರ್ಟ್ಸ್ ಕಂಡು ಎದೆ ಧಸಕ್ಕೆನ್ನುವುದುಂಟು. ಇದು ದೋಷವಲ್ಲ. ಕೆಲಸವಿಲ್ಲದಾಗ ಪ್ರೊಸೆಸರ್ ತನ್ನ ಗುಣಕವನ್ನು (ಬಸ್‌ನ ಮೂಲ ಲಯದ ಎಷ್ಟು ಪಟ್ಟು ಓಡಬೇಕೆಂಬ ಸಂಖ್ಯೆ) 9ರಿಂದ 6ಕ್ಕೆ ಇಳಿಸಿಕೊಂಡು ವಿದ್ಯುತ್ ಉಳಿಸುತ್ತದೆ: 6 ಗುಣಿಸು 266, ಅಂದರೆ 1600. (266 ಬಸ್‌ನ ಮೂಲ ಲಯ; ಮೇಲೆ ಹೇಳಿದ 1066, 1333ರಂಥ ಸಂಖ್ಯೆಗಳು ಮೂಲ ಲಯದ ನಾಲ್ಕು ಪಟ್ಟು.) ಭಾರ ಬಿದ್ದ ಕೂಡಲೇ 2400ಕ್ಕೆ ಏರಿದರೆ ಎಲ್ಲವೂ ಸರಿಯಿದೆ. ಭಾರದಲ್ಲಿಯೂ 1600ರಲ್ಲೇ ನಿಂತರೆ ಅಥವಾ ಏರಿ ಮತ್ತೆ ಇಳಿದರೆ ಅದು ಶಾಖದ ಲಕ್ಷಣ.

775ರ ಯಂತ್ರಗಳಲ್ಲಿ ಶಾಖದ ತೊಂದರೆಗೆ ಮೂಲ ಬಹುತೇಕ ಸಲ ಹೀಟ್‌ಸಿಂಕ್‌ನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳು. ಒತ್ತಿದಾಗ ‘ಟಿಕ್’ ಎಂದ ಮಾತ್ರಕ್ಕೆ ಕೂತಿದೆ ಎಂದು ನಂಬಬಾರದು. ಬೋರ್ಡನ್ನು ಹೊರತೆಗೆದು ಹಿಂಬದಿಯಿಂದ ನೋಡಬೇಕು. ನಾಲ್ಕೂ ಕಡೆ ಬಿಳಿ ಕಾಲುಗಳು ಅರಳಿ ಅವುಗಳ ನಡುವೆ ಕಪ್ಪು ಮೊಳೆ ಇಳಿದಿರಬೇಕು. ಮೂರು ಕೂತು ಒಂದು ಕೂರದಿದ್ದರೆ ಹೀಟ್‌ಸಿಂಕ್ ಒಂದು ಬದಿಗೆ ವಾಲುತ್ತದೆ, ಆಗ ಎಷ್ಟು ಒಳ್ಳೆಯ ಪೇಸ್ಟ್ ಹಾಕಿದರೂ ಪ್ರಯೋಜನವಿಲ್ಲ. ಮೂಲೆಗೆ ಮೂಲೆ ಎದುರುಬದುರಾದ ಎರಡನ್ನು ಮೊದಲು, ಉಳಿದೆರಡನ್ನು ನಂತರ ಒತ್ತುವುದು ಕ್ರಮ. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಮತ್ತೆ ಇ2160 ಜೊತೆ ಬಂದ ತೆಳ್ಳನೆಯ ಹೀಟ್‌ಸಿಂಕನ್ನು ಕ್ಯೂ6600ಗೆ ಬಳಸಬಾರದು; ಅದು 65 ವ್ಯಾಟ್‌ಗೆ ಲೆಕ್ಕ ಹಾಕಿದ್ದು.

ವೇಗ ಹೆಚ್ಚಿಸಿದ ಮೇಲಿನ ದೋಷಗಳು

ಈ ಪ್ರೊಸೆಸರ್‌ನ ಗುಣಕವನ್ನು ಕೆಳಗಿಳಿಸಬಹುದೇ ಹೊರತು 9ರ ಮೇಲೆ ಏರಿಸಲಾಗದು. ಆದ್ದರಿಂದ ವೇಗ ಹೆಚ್ಚಿಸಲು ಉಳಿದಿರುವುದು ಬಸ್‌ನ ವೇಗ ಮಾತ್ರ: 266ರಿಂದ 333ಕ್ಕೆ ಏರಿಸಿದರೆ 9 ಪಟ್ಟು 3000 ಆಗುತ್ತದೆ. ಕಾಗದದ ಮೇಲೆ ಇದು ಸುಲಭ. ಆದರೆ ಬಸ್ ಏರಿಸುವುದೆಂದರೆ ಪ್ರೊಸೆಸರ್ ಒಂದನ್ನೇ ಓಡಿಸುವುದಲ್ಲ. ಅದರೊಂದಿಗೆ ನಾರ್ತ್‌ಬ್ರಿಡ್ಜ್ (ಚಿಪ್‌ಸೆಟ್‌ನಲ್ಲಿ ಪ್ರೊಸೆಸರ್, ರ‍್ಯಾಮ್ ನಡುವಿನ ಚಿಪ್) ಓಡುತ್ತದೆ, ರ‍್ಯಾಮ್ ಓಡುತ್ತದೆ, ವೇಗಕ್ಕೆ ಬೀಗ ಹಾಕದಿದ್ದರೆ ಹೆಚ್ಚುವರಿ ಕಾರ್ಡ್‌ಗಳ ಪಿಸಿಐ ಸಾಲು ಕೂಡ ಓಡುತ್ತದೆ. ಯಾರ ಉಸಿರು ಮೊದಲು ನಿಂತಿತು ಎಂಬುದನ್ನು ಹೇಳುವುದೇ ಇಲ್ಲಿ ದೋಷ ಪತ್ತೆಯ ಕೆಲಸ.

ರ‍್ಯಾಮ್ ಲೆಕ್ಕವನ್ನು ನೋಡಿ. 266ರ ಬಸ್‌ನಲ್ಲಿ 800ರ ರ‍್ಯಾಮ್ ತನ್ನ ನಿಜ ವೇಗವಾದ 400 ಮೆಗಾಹರ್ಟ್ಸ್‌ನಲ್ಲಿ ನಡೆಯಬೇಕಾದರೆ ಅನುಪಾತ ಎರಡಕ್ಕೆ ಮೂರು. ಈ ಅನುಪಾತವನ್ನು ಹಾಗೆಯೇ ಬಿಟ್ಟು ಬಸ್ಸನ್ನು 333ಕ್ಕೆ ಏರಿಸಿದರೆ ರ‍್ಯಾಮ್ 500ಕ್ಕೆ ಹೋಗುತ್ತದೆ, ಅಂದರೆ 800ರ ಪಟ್ಟಿಯನ್ನು 1000ಕ್ಕೆ ಓಡಿಸಿದ ಹಾಗೆ. ಯಂತ್ರ ಆನ್ ಆಗದಿದ್ದರೆ ಆಶ್ಚರ್ಯವೇನು? ನಾಲ್ಕಕ್ಕೆ ಐದು ಅನುಪಾತ ಆರಿಸಿದರೆ 833 ಆಗುತ್ತದೆ, ಒಂದಕ್ಕೊಂದು ಎಂದರೆ 667. ಪರೀಕ್ಷೆಯ ಕಾಲದಲ್ಲಿ ಬಯೋಸ್ ಕೊಡುವ ಅತ್ಯಂತ ಕಡಿಮೆ ಅನುಪಾತವನ್ನೇ ಇಟ್ಟು, ರ‍್ಯಾಮನ್ನು ಸಂಶಯದ ಪಟ್ಟಿಯಿಂದ ಹೊರಗಿಡುವುದು ಲೇಸು.

ಪಿಸಿಐ ಎಕ್ಸ್‌ಪ್ರೆಸ್ ವೇಗವನ್ನು ‘ಆಟೋ’ ಎಂದು ಬಿಡದೆ 100ಕ್ಕೆ, ಪಿಸಿಐ ವೇಗವನ್ನು 33.3ಕ್ಕೆ ಕಟ್ಟಿಹಾಕಬೇಕು. ಈ ಆಯ್ಕೆಗಳು ಬಯೋಸ್‌ನಲ್ಲಿ ಇಲ್ಲದ, ತೀರ ಹಳೆಯ ಬೋರ್ಡ್‌ಗಳಲ್ಲಿ ಬಸ್ ಜೊತೆಗೆ ಡಿಸ್ಕ್ ನಿಯಂತ್ರಕದ ಲಯವೂ ತಪ್ಪಿ ಹಾರ್ಡ್ ಡಿಸ್ಕ್‌ನ ದತ್ತಾಂಶ ಹಾಳಾಗುವ ಅಪಾಯವಿದೆ. ಅದಕ್ಕಾಗಿಯೇ, ಪ್ರತಿ ಹೊಸ ವೇಗವನ್ನು ಮೊದಲು ಹಾರ್ಡ್ ಡಿಸ್ಕ್ ಕಳಚಿಟ್ಟು, ಪೆನ್ ಡ್ರೈವ್‌ನಿಂದ ಮೆಮ್‌ಟೆಸ್ಟ್86+ (ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ) ಓಡಿಸಿ ನೋಡುವುದು ನನ್ನ ಪದ್ಧತಿ. ಅದರಲ್ಲಿ ಒಂದೇ ಒಂದು ಕೆಂಪು ಸಾಲು ಬಂದರೂ ವಿಂಡೋಸ್ ತೆರೆಯಬಾರದು. ತಪ್ಪು ರ‍್ಯಾಮ್‌ನಲ್ಲಿ ತೆರೆದ ವಿಂಡೋಸ್, ತಪ್ಪನ್ನೇ ಡಿಸ್ಕ್‌ಗೆ ಬರೆದು ಮುಚ್ಚುತ್ತದೆ.

ಈಗ ಮುಖ್ಯ ವಿಧಾನ. ಯಂತ್ರ 333ರಲ್ಲಿ ಅಸ್ಥಿರವಾಗಿದ್ದರೆ ಮೂರು ಪ್ರತ್ಯೇಕ ಪರೀಕ್ಷೆಗಳಿಂದ ಮೂವರನ್ನೂ ಬಿಡಿಬಿಡಿಯಾಗಿ ವಿಚಾರಿಸಬಹುದು. ಮೊದಲನೆಯದಾಗಿ ಗುಣಕವನ್ನು 6ಕ್ಕೆ ಇಳಿಸಿ, ಬಸ್ಸನ್ನು 333ರಲ್ಲೇ ಇಟ್ಟು, ರ‍್ಯಾಮನ್ನು ಕನಿಷ್ಠ ಅನುಪಾತದಲ್ಲಿಡಬೇಕು. ಆಗ ಪ್ರೊಸೆಸರ್ 2 ಗಿಗಾಹರ್ಟ್ಸ್‌ನಲ್ಲಿ, ಅಂದರೆ ಮೂಲ ವೇಗಕ್ಕಿಂತಲೂ ಕೆಳಗೆ ನಡೆಯುತ್ತದೆ. ಇಷ್ಟಾದರೂ ಯಂತ್ರ ಕುಸಿದರೆ ತಪ್ಪು ಪ್ರೊಸೆಸರ್‌ನ ಸಾಮರ್ಥ್ಯದ್ದಲ್ಲ, ಬಸ್ ಹೊರಲಾರದ ನಾರ್ತ್‌ಬ್ರಿಡ್ಜ್‌ನದು. ಕ್ಯೂ6600ರ ಒಳಗೆ ಎರಡೆರಡು ಕೋರ್‌ಗಳ ಎರಡು ತುಣುಕುಗಳಿದ್ದು ಅವು ತಮ್ಮೊಳಗೆ ಮಾತಾಡುವುದೂ ಇದೇ ಬಸ್ ಮೂಲಕ. ಆದ್ದರಿಂದ ಎರಡು ಕೋರ್‌ನ ಪ್ರೊಸೆಸರ್‌ನೊಂದಿಗೆ 400 ಮುಟ್ಟಿದ ಬೋರ್ಡ್, ಕ್ವಾಡ್‌ನೊಂದಿಗೆ ಅದಕ್ಕಿಂತ ಮೊದಲೇ ಸೋಲುವುದು ಸಾಮಾನ್ಯ. ನಾರ್ತ್‌ಬ್ರಿಡ್ಜ್‌ನ ಪುಟ್ಟ ಹೀಟ್‌ಸಿಂಕ್ ಕೆಳಗೆ ಒಣಗಿ ಸುಣ್ಣವಾದ ಪೇಸ್ಟ್ ಬದಲಿಸಿ, ಅದರ ವೋಲ್ಟೇಜನ್ನು ಒಂದೇ ಹಂತ ಏರಿಸಿ ಮತ್ತೆ ನೋಡಬಹುದು. ಕೆಲವು ಬೋರ್ಡ್‌ಗಳು 310, 320ರಲ್ಲಿ ನಿಲ್ಲದೆ 333ರಲ್ಲಿ ಸಲೀಸಾಗಿ ನಿಲ್ಲುತ್ತವೆ. ಬಸ್ ಒಂದು ಮಿತಿ ದಾಟಿದಾಗ ಚಿಪ್‌ಸೆಟ್ ತನ್ನ ಒಳಗಿನ ಸಮಯವನ್ನು ಸಡಿಲಿಸಿಕೊಳ್ಳುವುದೇ ಇದಕ್ಕೆ ಕಾರಣ.

ಎರಡನೆಯದಾಗಿ ಬಸ್ಸನ್ನು 266ಕ್ಕೆ ಮರಳಿಸಿ ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿಟ್ಟು ಮೆಮ್‌ಟೆಸ್ಟ್ ಮಾಡಬೇಕು. ಇಲ್ಲಿ ತಪ್ಪಿದರೆ ರ‍್ಯಾಮ್ ಕೆಟ್ಟಿದೆ, ಓವರ್‌ಕ್ಲಾಕಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ. ಇವೆರಡೂ ದಾಟಿದ ಮೇಲೆ ಗುಣಕವನ್ನು 9ಕ್ಕೆ ತಂದು, ಬಸ್ಸನ್ನು ಐದೈದರಂತೆ ಏರಿಸುತ್ತ ಭಾರದ ಪರೀಕ್ಷೆಯ ತಂತ್ರಾಂಶವಾದ ಪ್ರೈಮ್95ರ ಸ್ಮಾಲ್ ಎಫ್ಎಫ್‌ಟಿ ಪರೀಕ್ಷೆ ಓಡಿಸಬೇಕು. ಈ ಪರೀಕ್ಷೆ ರ‍್ಯಾಮನ್ನು ಹೆಚ್ಚು ಮುಟ್ಟದೆ ಪ್ರೊಸೆಸರನ್ನು ದಣಿಸುತ್ತದೆ. ಅದೇ ತಂತ್ರಾಂಶದ ಬ್ಲೆಂಡ್ ಪರೀಕ್ಷೆಯಲ್ಲಿ ಮಾತ್ರ ತಪ್ಪಿದರೆ ಮತ್ತೆ ರ‍್ಯಾಮ್ ಮತ್ತು ನಾರ್ತ್‌ಬ್ರಿಡ್ಜ್ ಕಡೆ ತಿರುಗಬೇಕು. ಕೋರ್‌ಗೊಂದರಂತೆ ಓಡುವ ಪರೀಕ್ಷೆಯ ನಾಲ್ಕು ಎಳೆಗಳಲ್ಲಿ (ಥ್ರೆಡ್) ಸದಾ ಒಂದೇ ಕೋರ್‌ನ ಎಳೆ ರೌಂಡಿಂಗ್ ದೋಷ ತೋರಿ ನಿಂತರೆ ಆ ಕೋರ್ ಉಳಿದವುಗಳಿಗಿಂತ ದುರ್ಬಲ, ಅದಕ್ಕೆ ಸ್ವಲ್ಪ ಹೆಚ್ಚು ವೋಲ್ಟೇಜ್ ಬೇಕು. ನೀಲಿ ಪರದೆಯಲ್ಲಿ 0ಎಕ್ಸ್101 ಅಥವಾ 0ಎಕ್ಸ್124 ಸಂಖ್ಯೆ ಬಂದರೂ ಸಾಮಾನ್ಯವಾಗಿ ಸೂಚನೆ ಇದೇ. 0ಎಕ್ಸ್1ಎ ಬಂದರೆ ಮೊದಲು ರ‍್ಯಾಮನ್ನು ಸಂಶಯಿಸುವುದು ಸರಿ.

ವೋಲ್ಟೇಜ್ ಏರಿಸುವಾಗ ಬಯೋಸ್‌ನಲ್ಲಿ ಬರೆದ ಸಂಖ್ಯೆಯನ್ನು ನಂಬಬಾರದು. ನನ್ನ ಬೋರ್ಡ್‌ನಲ್ಲಿ 1.35 ಎಂದು ಕೊಟ್ಟರೆ ಖಾಲಿ ಇರುವಾಗ 1.312 ಕಾಣುತ್ತಿತ್ತು, ಭಾರದಲ್ಲಿ 1.232ಕ್ಕೆ ಕುಸಿಯುತ್ತಿತ್ತು. ಭಾರ ಬಿದ್ದಾಗ ಒಂದಿಷ್ಟು ಇಳಿಯುವುದು ಇಂಟೆಲ್‌ನ ವಿನ್ಯಾಸದಲ್ಲೇ ಇದೆ, ಆದರೆ ಇಷ್ಟು ದೊಡ್ಡ ಇಳಿತ ಬೇರೇನನ್ನೋ ಹೇಳುತ್ತಿತ್ತು, ಅದನ್ನು ನಾನು ಆಗ ಕೇಳಿಸಿಕೊಳ್ಳಲಿಲ್ಲ. 65 ನ್ಯಾನೋಮೀಟರ್‌ನ ಕ್ಯೂ6600ಗೆ ಇಂಟೆಲ್ ಕೊಟ್ಟ ವೋಲ್ಟೇಜ್ ಶ್ರೇಣಿಯ ಮೇಲ್ಮಿತಿ 1.5, 45 ನ್ಯಾನೋಮೀಟರ್‌ನ ಇ8400ಗೆ 1.3625. ಒಂದರ ಅಭ್ಯಾಸವನ್ನು ಇನ್ನೊಂದರ ಮೇಲೆ ಪ್ರಯೋಗಿಸಬಾರದು.

ವಿದ್ಯುತ್ ವಿಭಾಗ: ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ

ಪ್ರೊಸೆಸರ್ ನುಂಗುವ ವಿದ್ಯುತ್ತು ಅದರ ವೇಗಕ್ಕೆ ನೇರ ಅನುಪಾತದಲ್ಲಿ, ವೋಲ್ಟೇಜಿನ ವರ್ಗದ ಅನುಪಾತದಲ್ಲಿ ಏರುತ್ತದೆ. 2.4ರಿಂದ 3ಕ್ಕೆ ಹೋದಾಗ ವೇಗ 1.25 ಪಟ್ಟು, 1.25 ವೋಲ್ಟ್ 1.35 ಆದಾಗ ಅದರ ವರ್ಗ ಸುಮಾರು 1.17 ಪಟ್ಟು, ಎರಡನ್ನೂ ಗುಣಿಸಿದರೆ 1.46. ಅಂದರೆ 95 ವ್ಯಾಟ್‌ನ ಪ್ರೊಸೆಸರ್ 138ರ ಆಸುಪಾಸಿಗೆ ಬರುತ್ತದೆ. 1.35 ವೋಲ್ಟ್‌ನಲ್ಲಿ 138 ವ್ಯಾಟ್ ಎಂದರೆ 102 ಆಂಪ್. ನನ್ನ ಬೋರ್ಡ್‌ನಲ್ಲಿ ಇದನ್ನು ಹಂಚಿಕೊಳ್ಳಲು ಇದ್ದದ್ದು ಮೂರೇ ಫೇಸ್ (ವಿದ್ಯುತ್ ಹೊರೆಯನ್ನು ಹಂಚಿಕೊಳ್ಳುವ ದಾರಿಗಳು), ಒಂದೊಂದಕ್ಕೆ 34 ಆಂಪ್. ಇ2160 ಇದ್ದ ಕಾಲದಲ್ಲಿ ಅದರ 65 ವ್ಯಾಟ್‌ಗೆ ಒಟ್ಟು 50 ಆಂಪ್ ಸಾಕಿತ್ತು. ಫ್ಯಾನಿಗೆಂದು ಎಳೆದ ತೆಳು ವೈರಿಗೆ ಗೀಸರ್ ಜೋಡಿಸಿದಂತಾಯಿತು ನಾನು ಮಾಡಿದ ಕೆಲಸ. ಆ ಫೇಸ್‌ಗಳಲ್ಲಿ ವಿದ್ಯುತ್ ಹರಿವನ್ನು ನಿಯಂತ್ರಿಸುವ ಮಾಸ್‌ಫೆಟ್‌ಗಳ ಮೇಲೆ ಹೀಟ್‌ಸಿಂಕ್ ಕೂಡ ಇರಲಿಲ್ಲ.

ಯಂತ್ರ ಹೇಗೆ ಕುಸಿಯಿತು ಎಂಬುದೇ ಇಲ್ಲಿ ಮೊದಲ ಸುಳಿವು. ನೀಲಿ ಪರದೆ ಬಂದರೆ ಅಥವಾ ಪರೀಕ್ಷೆಯ ಎಳೆ ನಿಂತರೆ ಲೆಕ್ಕ ತಪ್ಪಿದೆ, ಅಂದರೆ ವೋಲ್ಟೇಜ್ ಇಲ್ಲವೇ ರ‍್ಯಾಮ್. ತಕ್ಷಣ ರೀಸ್ಟಾರ್ಟ್ ಆದರೆ ವಿದ್ಯುತ್ ಕ್ಷಣಕಾಲ ಕುಸಿದಿರುವ ಸಂಭವ ಹೆಚ್ಚು. ಪೂರ್ತಿ ಆರಿಹೋಗಿ, ಸ್ವಲ್ಪ ಹೊತ್ತು ಬಟನ್ ಒತ್ತಿದರೂ ಏಳದಿದ್ದರೆ ಎಲ್ಲೋ ಒಂದು ರಕ್ಷಣಾ ವ್ಯವಸ್ಥೆ ಕೆಲಸ ಮಾಡಿದೆ: ಎಸ್ಎಂಪಿಎಸ್‌ನದೋ (ಯಂತ್ರಕ್ಕೆ ವಿದ್ಯುತ್ ಪೂರೈಸುವ ಪೆಟ್ಟಿಗೆ), ಬೋರ್ಡ್‌ನದೋ, ಪ್ರೊಸೆಸರ್‌ನದೋ. ನನ್ನದು ಪೂರ್ತಿ ಆರಿಹೋಗುವ ಈ ಮೂರನೆಯ ಬಗೆ. ಉಷ್ಣತೆ ಅಳೆಯುವ ಕೋರ್ ಟೆಂಪ್ ತಂತ್ರಾಂಶ 66 ಡಿಗ್ರಿ ತೋರಿಸುತ್ತಿದ್ದಾಗಲೇ ಆರಿದ್ದರಿಂದ ಪ್ರೊಸೆಸರ್‌ನ ಶಾಖವನ್ನು ಪಟ್ಟಿಯಿಂದ ತೆಗೆದೆ.

ಎಸ್ಎಂಪಿಎಸ್ ಪರೀಕ್ಷೆಗೆ ಅದರ ಲೇಬಲ್ ಓದುವುದೇ ಆರಂಭ. ದೊಡ್ಡಕ್ಷರದಲ್ಲಿ 450 ವ್ಯಾಟ್ ಎಂದಿದ್ದು ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟ್ ಎದುರು 14 ಆಂಪ್ ಎಂದಿದ್ದರೆ ಪ್ರೊಸೆಸರ್ ಕಡೆಗೆ ನಿಜವಾಗಿ ಇರುವುದು 168 ವ್ಯಾಟ್ ಮಾತ್ರ, ಅದರಲ್ಲಿಯೂ ಡಿಸ್ಕ್ ಮತ್ತು ಫ್ಯಾನ್‌ಗಳಿಗೆ ಪಾಲು ಹೋಗಬೇಕು. ಬೋರ್ಡ್‌ನ ಪರಿವರ್ತನೆಯಲ್ಲಿ ಆಗುವ ನಷ್ಟ ಸೇರಿಸಿದರೆ 138 ವ್ಯಾಟ್‌ನ ಪ್ರೊಸೆಸರ್ ಒಂದೇ ಸುಮಾರು 14 ಆಂಪ್ ಕೇಳುತ್ತದೆ. ಭಾರದ ಪರೀಕ್ಷೆ ನಡೆಯುವಾಗ ನಾಲ್ಕು ಪಿನ್ ಕನೆಕ್ಟರ್‌ನ ಹಿಂಬದಿಯಿಂದ ಹಳದಿ ತಂತಿಗೆ ಮಲ್ಟಿಮೀಟರ್‌ನ ಕೆಂಪು ಮೊನೆಯನ್ನು, ಕಪ್ಪು ತಂತಿಗೆ ಕಪ್ಪು ಮೊನೆಯನ್ನು ತಾಗಿಸಿ ಅಳೆಯಬೇಕು. 11.4ರಿಂದ 12.6ರ ಒಳಗಿದ್ದರೆ ಮಾನದಂಡಕ್ಕೆ ಸರಿ. ನನಗೆ 11.62 ಬಂತು. ಎಸ್ಎಂಪಿಎಸ್ಸೂ ಪಟ್ಟಿಯಿಂದ ಹೊರಗೆ. ಅಳತೆ ಮಾಡುವಾಗ ಕೈ ಜಾರಿ ಎರಡು ಮೊನೆಗಳು ಕೂಡಿಕೊಂಡರೆ ಬೋರ್ಡ್ ಹೋಗುತ್ತದೆ, ಹುಷಾರು; ಎಸ್ಎಂಪಿಎಸ್‌ನ ಪೆಟ್ಟಿಗೆಯನ್ನಂತೂ ಬಿಚ್ಚಲೇಬಾರದು, ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ. 600 ವಿಎ ಯುಪಿಎಸ್ ಬಳಸುವವರು ಅದನ್ನು ತಪ್ಪಿಸಿ ನೇರವಾಗಿ ಗೋಡೆಯ ಪ್ಲಗ್‌ನಿಂದಲೂ ಒಮ್ಮೆ ಪರೀಕ್ಷಿಸಬೇಕು.

ಉಳಿದದ್ದು ಬೋರ್ಡ್‌ನ ವಿದ್ಯುತ್ ವಿಭಾಗ. ಅದನ್ನು ಹಿಡಿಯಲು ನಾನು ಬಳಸಿದ ಉಪಕರಣ ಮನೆಯ ಟೇಬಲ್ ಫ್ಯಾನ್. ಕ್ಯಾಬಿನೆಟ್‌ನ ಬದಿ ತೆಗೆದು, ಸಾಕೆಟ್ ಎಡಗಡೆಯ ಮಾಸ್‌ಫೆಟ್‌ಗಳ ಮೇಲೆ ನೇರ ಗಾಳಿ ಬೀಳುವಂತೆ ಇಟ್ಟು, ಬೇರೆ ಯಾವುದನ್ನೂ ಬದಲಿಸದೆ ಅದೇ ಪರೀಕ್ಷೆ ಓಡಿಸಿದೆ. ಹದಿನೆಂಟು ನಿಮಿಷಕ್ಕೆ ಆರುತ್ತಿದ್ದ ಯಂತ್ರ ಎರಡು ಗಂಟೆ ನಡೆಯಿತು. ಪ್ರೊಸೆಸರ್‌ನ ಉಷ್ಣತೆ ಆಗ ಕೇವಲ ಮೂರು ಡಿಗ್ರಿ ಇಳಿದಿತ್ತು, ಆದ್ದರಿಂದ ಗಾಳಿಯಿಂದ ಉಳಿದದ್ದು ಪ್ರೊಸೆಸರ್ ಅಲ್ಲ. ಕೆಲವು ಬೋರ್ಡ್‌ಗಳು ಆರುವ ಬದಲು ಪ್ರೊಸೆಸರ್‌ಗೆ ‘ಬಿಸಿಯಾಗಿದೆ’ ಎಂಬ ಸಂಕೇತ ಕಳಿಸುತ್ತವೆ. ಆಗ ಕೋರ್‌ಗಳು ತಣ್ಣಗಿದ್ದರೂ ಗುಣಕ 9ರಿಂದ 6ಕ್ಕೆ ಬೀಳುತ್ತದೆ. ತಣ್ಣಗಿನ ಪ್ರೊಸೆಸರ್, ಭಾರದಲ್ಲಿ ಬೀಳುವ ಗುಣಕ ಎಂಬ ಜೋಡಿ ಲಕ್ಷಣ ಕಂಡರೆ ಟೇಬಲ್ ಫ್ಯಾನ್ ತರಬಹುದು.

ನಂತರ ದೀಪ ಹಿಡಿದು ನೋಡಿದಾಗ ಸಾಕೆಟ್ ಪಕ್ಕದ ಕೆಪಾಸಿಟರ್‌ಗಳಲ್ಲಿ ಒಂದರ ತಲೆ ಚಪ್ಪಟೆಯಾಗಿರದೆ ನವಿರಾಗಿ ಉಬ್ಬಿತ್ತು. ಬೆರಳಿನಿಂದ ಸವರಿದಾಗಲೇ ತಿಳಿಯುವಷ್ಟು ಸಣ್ಣ ಉಬ್ಬು; ಕಣ್ಣಿಗೆ ಮಾತ್ರ ಬಿಟ್ಟಿದ್ದರೆ ತಪ್ಪಿಹೋಗುತ್ತಿತ್ತು. ಭಾರದಲ್ಲಿ ವೋಲ್ಟೇಜ್ ಅಷ್ಟೊಂದು ಕುಸಿಯಲು ಅದೂ ಒಂದು ಕಾರಣವಾಗಿತ್ತು. ಆ ಸಾಲಿನ ಎಲ್ಲ ಕೆಪಾಸಿಟರ್‌ಗಳನ್ನೂ ಒಟ್ಟಿಗೆ ಬದಲಾಯಿಸುವುದು ಸರಿಯಾದ ಕ್ರಮ, ಏಕೆಂದರೆ ಒಂದೇ ದಿನ ಹುಟ್ಟಿ ಒಂದೇ ಶಾಖದಲ್ಲಿ ಬೆಂದವು ಹೆಚ್ಚು ಕಡಿಮೆ ಒಟ್ಟಿಗೇ ಸಾಯುತ್ತವೆ. ಮೈಕ್ರೋಫ್ಯಾರಡ್ ಮೌಲ್ಯ ಅದೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಬೇಕು, ಒಳರೋಧ ಕಡಿಮೆಯಿರುವ ಬಗೆಯದೇ ಆಗಬೇಕು, ಮೈನಸ್ ಪಟ್ಟಿಯ ದಿಕ್ಕು ತಪ್ಪಬಾರದು. ಹಲವು ಪದರಗಳ ಬೋರ್ಡ್‌ನಿಂದ ಬೆಸುಗೆ ಬಿಡಿಸುವುದು ಕೈ ಪಳಗಿದವರ ಕೆಲಸ. ನಾನು ರೇಡಿಯೋ ರಿಪೇರಿಯ ಹಳಬರೊಬ್ಬರ ಕೈಯಿಂದ ಮಾಡಿಸಿದೆ.

ಕೆಪಾಸಿಟರ್ ಬದಲಿಸಿ, ಮಾಸ್‌ಫೆಟ್‌ಗಳ ಮೇಲೆ ಶಾಖ ದಾಟಿಸುವ ಟೇಪ್‌ನಿಂದ ಚಿಕ್ಕ ಅಲ್ಯೂಮಿನಿಯಂ ತುಂಡುಗಳನ್ನು ಅಂಟಿಸಿದ ಮೇಲೆ ಅದೇ 1.35ರಲ್ಲಿ ಭಾರದ ವೋಲ್ಟೇಜ್ 1.272 ಬಂತು. ಆದರೂ 3 ಗಿಗಾಹರ್ಟ್ಸ್‌ಗೆ ಮರಳಲಿಲ್ಲ. ಬಸ್ 300, ಗುಣಕ 9, ಒಟ್ಟು 2.7 ಗಿಗಾಹರ್ಟ್ಸ್, ವೋಲ್ಟೇಜ್ ಮೂಲದ್ದೇ, ರ‍್ಯಾಮ್ ನಾಲ್ಕಕ್ಕೆ ಐದರಲ್ಲಿ 750. ವೋಲ್ಟೇಜ್ ಮುಟ್ಟದ್ದರಿಂದ 95 ವ್ಯಾಟ್ ಏರಿದ್ದು 107ಕ್ಕೆ ಮಾತ್ರ, ಮತ್ತು ಮೂರು ಫೇಸ್‌ಗಳು ಅದನ್ನು ಹೊರುತ್ತವೆ. ಶೇಕಡಾ 29ರಷ್ಟು ಹೆಚ್ಚು ಶಾಖ ಕೊಟ್ಟು ಕೊನೆಯ 300 ಮೆಗಾಹರ್ಟ್ಸ್ ಪಡೆಯುವುದು ಮೂರು ಫೇಸ್‌ನ ಬೋರ್ಡ್‌ಗೆ ಲಾಭದ ವ್ಯಾಪಾರವಲ್ಲ ಎಂಬುದು ನನ್ನ ಲೆಕ್ಕ. ಎಂಟು ಫೇಸ್‌ನ ಪಿ45 ಬೋರ್ಡ್ ಇದ್ದವರ ಲೆಕ್ಕ ಬೇರೆಯೇ ಇರಬಹುದು.

ಓವರ್‌ಕ್ಲಾಕಿಂಗ್ ತಲೆಗೆ ಕಟ್ಟಬಾರದ ಒಂದು ದೋಷ

ವಿಂಡೋಸ್ 11ರ 24ಎಚ್2 ಆವೃತ್ತಿ ಈ ಪ್ರೊಸೆಸರ್‌ಗಳಲ್ಲಿ ಬೂಟ್ ಆಗುವುದಿಲ್ಲ. ಅದಕ್ಕೆ ಬೇಕಾದ ಎಸ್ಎಸ್‌ಇ 4.2 ಸೂಚನೆಗಳು ಕೋರ್ 2 ತಲೆಮಾರಿನಲ್ಲಿ ಇಲ್ಲ; 45 ನ್ಯಾನೋಮೀಟರ್‌ನವುಗಳಲ್ಲಿ ಸಹ 4.1ರವರೆಗೆ ಮಾತ್ರ ಇವೆ. ಅಡ್ಡದಾರಿಯಲ್ಲಿ ಹಳೆಯ ವಿಂಡೋಸ್ 11 ಹಾಕಿಕೊಂಡು ನಂತರ ನವೀಕರಿಸಿದ ಯಂತ್ರ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದರೆ ಬಸ್, ವೋಲ್ಟೇಜ್ ತಡಕಾಡುವುದು ವ್ಯರ್ಥ. ಮೂಲ ವೇಗಕ್ಕೆ ಮರಳಿಸಿ, ಲಿನಕ್ಸ್‌ನ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ನೋಡಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ನನ್ನ ಯಂತ್ರದಲ್ಲಿ ಈಗ ಲಿನಕ್ಸೇ ಇದೆ. ಕ್ಯಾಬಿನೆಟ್‌ನ ಒಳಬದಿಗೆ ಒಂದು ಚೀಟಿ ಅಂಟಿಸಿ ಬಯೋಸ್ ಆವೃತ್ತಿ, ಬಸ್, ಅನುಪಾತ, ಭಾರದ ವೋಲ್ಟೇಜ್, 12 ವೋಲ್ಟ್ ಸಾಲಿನ ಅಳತೆ ಮತ್ತು ದಿನಾಂಕವನ್ನು ಬರೆದಿಟ್ಟಿದ್ದೇನೆ. ಬೇಸಿಗೆ ಬಂದಾಗ ಒಮ್ಮೆ ಅಳೆದು ಅದರ ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇನೆ.